ಎದ್ದು ನಿಂತಾಗ ಇಳಿಯುವ ಬಿಪಿ, ಮರುಕಳಿಸುವ ತಲೆಸುತ್ತು: ಮನೆಯಲ್ಲಿ ಅಳೆಯುವುದರಿಂದ ಚಿಕಿತ್ಸೆಯವರೆಗೆ

ತಲೆಸುತ್ತು ಅಂತ ಹೋದವರನ್ನು ಕುರ್ಚಿಯಲ್ಲಿ ಕೂರಿಸಿ ಬಿಪಿ ನೋಡಿದರೆ 130/80 ಬರುತ್ತದೆ. ‘ಬಿಪಿ ಸರಿ ಉಂಟು’ ಎಂದು ಆ ವಿಚಾರ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಕಿವಿ ಪರೀಕ್ಷೆ, ಕುತ್ತಿಗೆಯ ಎಕ್ಸ್‌ರೇ, ಕೆಲವೊಮ್ಮೆ ತಲೆಯ ಎಂಆರ್‌ಐ, ಕೈಗೊಂದು ತಿಂಗಳ ತಲೆಸುತ್ತಿನ ಮಾತ್ರೆ. ಆದರೆ ಇವರಲ್ಲಿ ಅನೇಕರಿಗೆ ಮಂಡೆ ತಿರುಗುವುದು ಕೂತಾಗ ಅಲ್ಲ, ಎದ್ದಾಗ. ಎದ್ದಾಗಿನ ಬಿಪಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಒಂದು ಬಿಪಿ ಯಂತ್ರ, ಒಂದು ಮಂಚ, ಹತ್ತು ನಿಮಿಷ ಇದ್ದರೆ ಮನೆಯಲ್ಲೇ ನೋಡಬಹುದು. ಅದನ್ನು ಸರಿಯಾಗಿ ನೋಡುವುದು ಹೇಗೆ, ಸಿಕ್ಕಿದ ಅಂಕಿಗಳಿಂದ ಏನು ತಿಳಿಯಬೇಕು, ಮುಂದೇನು ಮಾಡಬೇಕು ಎಂಬುದು ಇಲ್ಲಿದೆ.

ಅಳೆಯುತ್ತಾ ಕೂರಬಾರದ ಸಂದರ್ಭಗಳು

ತಲೆಸುತ್ತಿನ ಜೊತೆ ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಅಥವಾ ಕೈಕಾಲು ಒಂದು ಬದಿ ಸೋಲುವುದು, ಹಿಡಿದರೂ ನಿಲ್ಲಲಾಗದಷ್ಟು ವಾಲುವುದು, ಹಿಂದೆಂದೂ ಬಾರದಂಥ ತಲೆನೋವು ಇದ್ದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದರಲ್ಲಿ ಸ್ಕ್ಯಾನಿಂಗ್ ಕೂಡ ಮುಗಿಯಬೇಕು. ಎದೆನೋವು, ಕಪ್ಪು ಮಲ, ಮಲಗಿದ್ದಾಗಲೋ ಓಡುವಾಗಲೋ ಎಚ್ಚರ ತಪ್ಪುವುದು, ಗರ್ಭಿಣಿಗೆ ಹೊಟ್ಟೆನೋವಿನ ಜೊತೆ ಕಣ್ಣು ಕತ್ತಲೆ ಕಟ್ಟುವುದು: ಇವಕ್ಕೂ ಮನೆಯಲ್ಲಿ ಕಾಯಬಾರದು.

ಎದ್ದಾಗ ಆಗುವುದೇನು

ಮಲಗಿದ್ದವರು ಎದ್ದು ನಿಂತರೆ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಅಷ್ಟು ಕಡಿಮೆ. ಕುತ್ತಿಗೆಯ ದೊಡ್ಡ ರಕ್ತನಾಳ ಕವಲೊಡೆಯುವಲ್ಲಿ ಮತ್ತು ಮಹಾಪಧಮನಿಯ ಕಮಾನಿನಲ್ಲಿ ಇರುವ ಒತ್ತಡ-ಸಂವೇದಕಗಳು ಇದನ್ನು ಗುರುತಿಸಿ ಮೆದುಳಿಗೆ ತಿಳಿಸುತ್ತವೆ. ಕೂಡಲೇ ನರಗಳು ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ಹೃದಯ ವೇಗ ಹೆಚ್ಚಿಸುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಈ ಸರಪಳಿಯಲ್ಲಿ ನರ ಸೋತರೆ, ರಕ್ತದ ಪ್ರಮಾಣವೇ ಕಡಿಮೆ ಇದ್ದರೆ, ಅಥವಾ ಯಾವುದೋ ಮಾತ್ರೆ ರಕ್ತನಾಳ ಬಿಗಿಯಾಗಲು ಬಿಡದಿದ್ದರೆ ಒತ್ತಡ ಕುಸಿಯುತ್ತದೆ.

ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದು, ಇಳಿದಲ್ಲೇ ನಿಂತರೆ ಅದಕ್ಕೆ ನಿಲುವಿನ ಬಿಪಿ ಕುಸಿತ ಎನ್ನುತ್ತಾರೆ. ಮಲಗಿದಾಗಲೇ ಬಿಪಿ ಹೆಚ್ಚಿರುವವರಿಗೆ ಮೇಲಿನ ಅಂಕಿಯ ಗಡಿ 30. ಇನ್ನೆರಡು ಬಗೆಗಳಿವೆ. ಎದ್ದ 15 ಸೆಕೆಂಡಿನೊಳಗೆ 40ಕ್ಕಿಂತ ಹೆಚ್ಚು ಇಳಿದು ಅರ್ಧ ನಿಮಿಷದಲ್ಲಿ ಸರಿಹೋಗುವುದು ಒಂದು. ಇದನ್ನು ಮನೆಯ ಯಂತ್ರ ಹಿಡಿಯಲಾರದು, ಪಟ್ಟಿ ಗಾಳಿ ತುಂಬಿ ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. 3 ನಿಮಿಷ ಕಳೆದ ಮೇಲೆ ನಿಧಾನವಾಗಿ ಇಳಿಯುವುದು ಇನ್ನೊಂದು. ಸರತಿಯಲ್ಲಿ ನಿಂತವರು ಹತ್ತು ನಿಮಿಷದ ಮೇಲೆ ಕುಸಿಯುವುದು ಇದರಿಂದಲೂ ಇರಬಹುದು.

‘ನನಗೆ ಕಣ್ಣು ಕತ್ತಲೆ ಮಾತ್ರ ಅಲ್ಲ, ಕೋಣೆಯೇ ಸುತ್ತುತ್ತದೆ, ಹಾಗಾದರೆ ಇದು ಕಿವಿಯದ್ದೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಹಾಗೇನಿಲ್ಲ. ಒಳಕಿವಿಗೆ ರಕ್ತ ಬರುವುದು ಒಂದೇ ಸಣ್ಣ ಧಮನಿಯಿಂದ, ಅದಕ್ಕೆ ಬದಲಿ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಒತ್ತಡ ಇಳಿದಾಗ ಅಲ್ಲಿಗೂ ಸಮತೋಲನ ನೋಡಿಕೊಳ್ಳುವ ಹಿಂಮೆದುಳಿಗೂ ರಕ್ತ ಸಾಲದಾದರೆ ಸುತ್ತಿದ ಅನುಭವ ಬರಬಹುದು. ತಲೆಸುತ್ತಿನ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯಾದ ಬಾರಾನಿ ಸೊಸೈಟಿ 2019ರಲ್ಲಿ ಪ್ರಕಟಿಸಿದ ಮಾನದಂಡಗಳಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವೇ ಇದೆ: ಎದ್ದಾಗ ಅಥವಾ ನಿಂತಿದ್ದಾಗ ಕನಿಷ್ಠ 5 ಬಾರಿ ತಲೆಸುತ್ತು, ಓಲಾಟ ಅಥವಾ ಹಗುರತನ ಬಂದಿರಬೇಕು, ಕೂತರೆ ಇಲ್ಲವೇ ಮಲಗಿದರೆ ಇಳಿಯಬೇಕು, ಆ ಹೊತ್ತಿನ ಬಿಪಿ ಅಥವಾ ನಾಡಿಯ ಬದಲಾವಣೆ ಅಳತೆಯಲ್ಲಿ ಸಿಕ್ಕಿರಬೇಕು, ಬೇರೆ ಕಾಯಿಲೆ ಇದನ್ನು ಹೆಚ್ಚು ಚೆನ್ನಾಗಿ ವಿವರಿಸಬಾರದು.

ಕುತ್ತಿಗೆಯ ಬಗ್ಗೆಯೂ ಒಂದು ಮಾತು. ನಿಂತಾಗ ಬಿಪಿ ಇಳಿಯುವವರಲ್ಲಿ ಕೆಲವರಿಗೆ ಕುತ್ತಿಗೆಯ ಹಿಂಭಾಗ ಮತ್ತು ಎರಡೂ ಭುಜಗಳಲ್ಲಿ ಸೆಳೆತ ಬರುತ್ತದೆ, ಏಕೆಂದರೆ ನಿಂತಾಗ ಸದಾ ದುಡಿಯುವ ಆ ಸ್ನಾಯುಗಳಿಗೆ ರಕ್ತ ಸಾಲುವುದಿಲ್ಲ. ಐವತ್ತು ದಾಟಿದವರ ಎಕ್ಸ್‌ರೇಯಲ್ಲಿ ಕುತ್ತಿಗೆ ಮೂಳೆಯ ಸವೆತ ಹೇಗೂ ಕಾಣುತ್ತದೆ. ಎರಡನ್ನೂ ಸೇರಿಸಿ ‘ಸ್ಪಾಂಡಿಲೈಟಿಸ್‌ನಿಂದ ತಲೆಸುತ್ತು’ ಎಂದು ಕಾಲರ್ ತೊಡಿಸಿದರೆ ನಿಜವಾದ ಕಾರಣ ಮರೆಯಾಗುತ್ತದೆ. ಮಲಗಿದ ಕೆಲವು ನಿಮಿಷಕ್ಕೆ ಈ ನೋವು ಬಿಟ್ಟುಹೋದರೆ ಬಿಪಿಯ ಮೇಲೆ ಸಂಶಯ ಇರಲಿ.

ಕಿವಿಯದ್ದೋ, ಬಿಪಿಯದ್ದೋ

ಮತ್ತೆ ಮತ್ತೆ ಬರುವ ಸುತ್ತಿಗೆ ಅತಿ ಸಾಮಾನ್ಯ ಕಾರಣ ಒಳಕಿವಿಯ ಹರಳು ಜಾರುವುದು, ವೈದ್ಯರ ಚೀಟಿಯಲ್ಲಿ ಬಿಪಿಪಿವಿ. ಹೆಸರೂ ಬಿಪಿಯಂತೆಯೇ ಕೇಳುವುದರಿಂದ ಗೊಂದಲ ಇನ್ನಷ್ಟು. ಇದು ಮಲಗುವಾಗ, ಹಾಸಿಗೆಯಲ್ಲಿ ಮಗ್ಗುಲಾಗುವಾಗ, ಅಟ್ಟದತ್ತ ತಲೆ ಎತ್ತಿದಾಗ ಬರುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ನಿಲುವಿನ ಬಿಪಿ ಕುಸಿತ ಮಲಗಿದವರನ್ನು ಸುತ್ತಿಸುವುದಿಲ್ಲ.

ಕಷ್ಟ ಇರುವುದು ಬೆಳಿಗ್ಗೆ ಹಾಸಿಗೆಯಿಂದ ಏಳುವ ಹೊತ್ತಿನಲ್ಲಿ, ಅಲ್ಲಿ ಎರಡೂ ಬರುತ್ತವೆ. ಬೇರ್ಪಡಿಸಲು ಏಳುವುದನ್ನು ಮೂರು ಭಾಗ ಮಾಡಿ.

1. ತಲೆ ದಿಂಬಿನಿಂದ ಎತ್ತದೆ ಬಲಕ್ಕೆ ಹೊರಳಿ ಒಂದು ನಿಮಿಷ, ಎಡಕ್ಕೆ ಹೊರಳಿ ಒಂದು ನಿಮಿಷ ಇರಿ. ಇಲ್ಲೇ ಸುತ್ತು ಬಂದರೆ ಅದು ಕಿವಿ ಕಡೆಯದು.
2. ಎದ್ದು ಮಂಚದ ಅಂಚಿನಲ್ಲಿ ಕೂತು 2 ನಿಮಿಷ ಕಾಯಿರಿ. ಏಳುತ್ತಿದ್ದಂತೆ ಬಂದ ಸುತ್ತು ಹರಳಿನದ್ದಾದರೆ ಅಷ್ಟರಲ್ಲಿ ನಿಂತಿರುತ್ತದೆ.
3. ಬೆನ್ನು ನೆಟ್ಟಗಿಟ್ಟು, ಮುಂದಕ್ಕೆ ಬಾಗದೆ, ಎದ್ದು ನಿಲ್ಲಿ. ಕೂತಲ್ಲಿಂದ ಹೀಗೆ ನಿಲ್ಲುವಾಗ ತಲೆಯ ಕೋನ ಬದಲಾಗುವುದಿಲ್ಲ, ಹಾಗಾಗಿ ಹರಳು ಅಲುಗಲು ಕಾರಣವಿಲ್ಲ. ಈ ಹಂತದಲ್ಲಿ ಹೊಸದಾಗಿ ಸುತ್ತು ಬಂದರೆ ಮೊದಲು ನೋಡಬೇಕಾದ್ದು ಬಿಪಿ.

ವಯಸ್ಸಾದವರಲ್ಲಿ ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲ. ಎಪ್ಲಿ ವಿಧಾನದಲ್ಲಿ ಹರಳು ಕೂರಿಸಿದ ಮೇಲೂ ‘ಗುಣ ಆಗಲಿಲ್ಲ’ ಎನ್ನುವವರಲ್ಲಿ ಉಳಿದದ್ದು ಬಿಪಿಯ ಪಾಲು ಆಗಿರಬಹುದು. ಗಂಟೆಗಟ್ಟಲೆ ಸುತ್ತು, ಕಿವಿಯಲ್ಲಿ ಮೊರೆತ, ಕೇಳಿಸುವುದು ಕಡಿಮೆಯಾಗುವುದು ಇದ್ದರೆ ಅದು ಮೆನಿಯರ್ಸ್‌ನಂಥ ಬೇರೆ ಕಾಯಿಲೆ, ಕಿವಿ ತಜ್ಞರ ಬಳಿ ಹೋಗಿ.

ಅಳೆಯುವ ವಿಧಾನ

ತೋಳಿಗೆ ಕಟ್ಟುವ ಯಂತ್ರವೇ ಬೇಕು, ಮಣಿಕಟ್ಟಿನದ್ದು ಬೇಡ. ತೋಳಿನ ಮಧ್ಯದ ಸುತ್ತಳತೆ ತೆಗೆದು, ಪಟ್ಟಿಯ ಮೇಲೆ ಬರೆದಿರುವ ಅಳತೆಗೆ ಹೊಂದಿಸಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಒಬ್ಬರು ಜೊತೆಗಿರಲಿ, ಹಿಂದೆ ಒಂದು ಕುರ್ಚಿ ಇರಲಿ.

1. ಮೂತ್ರ ಮಾಡಿ ಬಂದು, ಪಟ್ಟಿ ಕಟ್ಟಿಕೊಂಡು, ಅಂಗಾತ 5 ನಿಮಿಷ ಮಲಗಿ. ಮೊಬೈಲ್, ಮಾತು ಬೇಡ. ಐದನೇ ನಿಮಿಷದ ಕೊನೆಗೆ ಬಿಪಿ ಮತ್ತು ನಾಡಿ ಬರೆದುಕೊಳ್ಳಿ.
2. ಪಟ್ಟಿ ಬಿಚ್ಚದೆ ಎದ್ದು ನಿಲ್ಲಿ. ನಿಂತ ಕ್ಷಣದಿಂದ ಗಡಿಯಾರ ನೋಡಿ. ಯಂತ್ರಕ್ಕೆ ಅರ್ಧ ನಿಮಿಷದಷ್ಟು ಬೇಕು, ಆದ್ದರಿಂದ 40ನೇ ಸೆಕೆಂಡಿಗೆ ಗುಂಡಿ ಒತ್ತಿದರೆ ಸುಮಾರು ಒಂದನೇ ನಿಮಿಷದ ಅಂಕಿ ಸಿಗುತ್ತದೆ.
3. ಕದಲದೆ ನಿಂತು, 3ನೇ ನಿಮಿಷಕ್ಕೆ ಇನ್ನೊಮ್ಮೆ. ಸರತಿಯಲ್ಲಿ ನಿಂತಾಗ ತೊಂದರೆ ಆಗುವವರು 5 ಮತ್ತು 10ನೇ ನಿಮಿಷಕ್ಕೂ ನೋಡಿ.
4. ಪ್ರತಿ ಅಂಕಿಯ ಪಕ್ಕ ಆಗ ಏನನಿಸಿತು ಬರೆಯಿರಿ. ಸುತ್ತು ತೀವ್ರವಾದರೆ ಯಂತ್ರ ನಿಲ್ಲಿಸುವ ತನಕ ಕಾಯದೆ ಕೂತುಬಿಡಿ. ‘ನಿಲ್ಲಲಾಗಲಿಲ್ಲ’ ಎಂಬುದೂ ಒಂದು ಫಲಿತಾಂಶವೇ.

ಹೆಚ್ಚಿನವರು ಎಡವುವುದು ಕೈಯಲ್ಲಿ. ನಿಂತಾಗ ತೋಳನ್ನು ಜೋತುಬಿಟ್ಟರೆ ಪಟ್ಟಿ ಹೃದಯಕ್ಕಿಂತ ಕೆಳಗಾಗುತ್ತದೆ, ಪ್ರತಿ 10 ಸೆಂ.ಮೀ.ಗೆ ಬಿಪಿ 7–8 ಅಂಕಿ ಹೆಚ್ಚು ತೋರಿಸುತ್ತದೆ. 22 ಇಳಿದದ್ದು 14 ಇಳಿದಂತೆ ಕಾಣುತ್ತದೆ, ಕುಸಿತ ಇದ್ದೂ ‘ಇಲ್ಲ’ ಎಂದಾಗುತ್ತದೆ. ಪಟ್ಟಿ ಎದೆಯ ಮಧ್ಯದ ಮಟ್ಟಕ್ಕೆ ಬರುವಂತೆ ಮುಂಗೈಯನ್ನು ಕಪಾಟಿನ ಹಲಗೆಯ ಮೇಲೋ ಜೊತೆಯವರ ಅಂಗೈ ಮೇಲೋ ಇಡಿ. ನೀವೇ ಕೈ ಎತ್ತಿ ಹಿಡಿಯಬೇಡಿ, ಸ್ನಾಯು ಬಿಗಿದರೂ ಅಂಕಿ ಏರುತ್ತದೆ.

ಒಂದು ದಿನದ ಅಳತೆ ಸಾಲದು, 3 ದಿನ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆಗೂ ಕಾಫಿಗೂ ಮುಂಚೆ, ಬಿಪಿ ಮಾತ್ರೆ ನುಂಗಿದ ಒಂದೆರಡು ಗಂಟೆಗೆ, ಮಧ್ಯಾಹ್ನದ ಊಟವಾಗಿ ಒಂದು ಗಂಟೆಗೆ, ರಾತ್ರಿ ಮಲಗುವ ಮುಂಚೆ. ಸಮಯ ಸಿಗದವರು ಬೆಳಗಿನದ್ದನ್ನು ಮಾತ್ರ ತಪ್ಪಿಸಬೇಡಿ, ಕುಸಿತ ಹೆಚ್ಚಾಗಿ ಕಾಣುವುದು ಆಗಲೇ. ಮಲಗಲಾಗದವರಿಗೆ ಕೂತು-ನಿಂತು ನೋಡಬಹುದು, ಆದರೆ ಇಳಿಕೆ ಕಡಿಮೆ ಇರುತ್ತದೆ, ಅಲ್ಲಿ 15/7 ಇಳಿದರೂ ಲೆಕ್ಕಕ್ಕೆ ಹಿಡಿಯಿರಿ.

ಅಂಕಿಗಳನ್ನು ಓದುವುದು

ಮಲಗಿ 148/84, ನಾಡಿ 72. ನಿಂತ 3ನೇ ನಿಮಿಷಕ್ಕೆ 112/70, ನಾಡಿ 78. ಇಳಿಕೆ 36, ನಾಡಿ ಏರಿದ್ದು ಬರೀ 6. ಏರಿಕೆಯನ್ನು ಇಳಿಕೆಯಿಂದ ಭಾಗಿಸಿದರೆ 0.17. ಇದು 0.5ಕ್ಕಿಂತ ಕಡಿಮೆ ಇದ್ದರೆ ಸಂದೇಶ ಒಯ್ಯುವ ನರಗಳೇ ಸೋತಿರುವ ಸಾಧ್ಯತೆ: ಹಳೆಯ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ಸ್ ಮುಂತಾದವು.

ಇನ್ನೊಬ್ಬರದ್ದು ಮಲಗಿ 126/78, ನಾಡಿ 80. ನಿಂತು 100/70, ನಾಡಿ 108. ಇಳಿಕೆ 26, ಏರಿಕೆ 28. ಇಲ್ಲಿ ನರ ಸರಿಯಾಗಿಯೇ ಇದೆ, ಹೃದಯ ಒದ್ದಾಡುತ್ತಿದೆ. ನೀರು ಕಡಿಮೆ, ರಕ್ತಹೀನತೆ, ಒಳಗೆಲ್ಲೋ ರಕ್ತಸ್ರಾವ, ಇತ್ತೀಚಿನ ಜ್ವರ-ಭೇದಿ ಅಥವಾ ಮಾತ್ರೆ ಕಾರಣ ಇರಬಹುದು. ಬಿಪಿ ಇಳಿಯದೆ ನಾಡಿ ಮಾತ್ರ 10 ನಿಮಿಷದೊಳಗೆ 30ಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ ಅದು ಬೇರೆಯೇ ಸಮಸ್ಯೆ, ಹೆಚ್ಚಾಗಿ ಯುವತಿಯರಲ್ಲಿ ಕಾಣುತ್ತದೆ. ಮೆಟೊಪ್ರೊಲಾಲ್‌ನಂಥ ಹೃದಯ ನಿಧಾನಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಪೇಸ್‌ಮೇಕರ್ ಇರುವವರು ಈ ಭಾಗಾಕಾರ ಮಾಡಿ ಪ್ರಯೋಜನವಿಲ್ಲ, ಅವರ ನಾಡಿ ಏರುವುದೇ ಇಲ್ಲ.

ಮಾತ್ರೆ ಪೆಟ್ಟಿಗೆ

ಇದನ್ನು ನೋಡದೆ ಮುಂದೆ ಹೋಗಬೇಡಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಾಜೊಸಿನ್, ಮೂತ್ರ ಹೆಚ್ಚಿಸುವ ಟಾರ್ಸೆಮೈಡ್ ಮತ್ತು ಹೈಡ್ರೋಕ್ಲೋರೋಥಯಾಜೈಡ್, ಎದೆನೋವಿನ ನೈಟ್ರೇಟ್, ಸಕ್ಕರೆಯ ಡಪಾಗ್ಲಿಫ್ಲೋಜಿನ್, ನರನೋವಿನ ಅಮಿಟ್ರಿಪ್ಟಿಲಿನ್, ಪಾರ್ಕಿನ್ಸನ್ಸ್‌ನ ಲೆವೊಡೋಪಾ ಎಲ್ಲವೂ ನಿಂತಾಗಿನ ಬಿಪಿ ಇಳಿಸಬಲ್ಲವು. ಒಂದೊಂದಾಗಿ ಸಹಿಸಿಕೊಂಡ ದೇಹ ಮೂರು ಸೇರಿದಾಗ ಸೋಲುತ್ತದೆ. ಮೂರನ್ನು ಮೂರು ಬೇರೆ ವೈದ್ಯರು ಬರೆದಿರುವುದೂ ಉಂಟು.

ಇನ್ನೂ ವಿಪರ್ಯಾಸ ಎಂದರೆ ತಲೆಸುತ್ತಿಗೇ ಕೊಡುವ ಪ್ರೊಕ್ಲೋರ್‌ಪೆರಜಿನ್, ಅಂದರೆ ಸ್ಟೆಮೆಟಿಲ್ ಹೆಸರಿನಲ್ಲಿ ಸಿಗುವ ಮಾತ್ರೆ, ತಾನೇ ನಿಂತಾಗಿನ ಬಿಪಿ ಇಳಿಸಬಹುದು. ಅದನ್ನೂ ತಲೆಸುತ್ತಿನ ಇನ್ನೊಂದು ಮಾತ್ರೆ ಸಿನ್ನಾರಿಜಿನ್ ಅನ್ನೂ ತಿಂಗಳುಗಟ್ಟಲೆ ತಿಂದರೆ ಕೈ ನಡುಕ, ನಡಿಗೆ ನಿಧಾನವಾಗುವುದು ಬರಬಹುದು. ಇವು ತೀವ್ರ ಸುತ್ತಿನ ಕೆಲವು ದಿನಗಳಿಗೆ, ವರ್ಷಪೂರ್ತಿಗಲ್ಲ. ಬೀಟಾಹಿಸ್ಟಿನ್ ಇಷ್ಟು ತೊಂದರೆ ಕೊಡುವುದಿಲ್ಲ, ಆದರೆ ಬಿಪಿ ಕುಸಿತಕ್ಕೆ ಅದು ಮದ್ದಲ್ಲ.

ಹಾಗೆಂದು ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಂತಾಗ ಇಳಿಯುವ ಅನೇಕರಿಗೆ ಮಲಗಿದಾಗ ಬಿಪಿ ಏರಿರುತ್ತದೆ, ಮೇಲಾಗಿ ಹಿಡಿತವಿಲ್ಲದ ಬಿಪಿಯೇ ಮೇಲೆ ಹೇಳಿದ ಒತ್ತಡ-ಸಂವೇದಕಗಳನ್ನು ಮಂದಗೊಳಿಸುತ್ತದೆ. ಕೇಳಬೇಕಾದ ಪ್ರಶ್ನೆ ‘ನಿಲ್ಲಿಸಲೇ?’ ಅಲ್ಲ, ‘ಯಾವುದನ್ನು ಬದಲಿಸಬಹುದು, ಯಾವ ಹೊತ್ತಿಗೆ ತೆಗೆದುಕೊಳ್ಳಲಿ?’ ಎಂಬುದು.

ಕರಾವಳಿಯ ದಿನಚರಿಯಲ್ಲಿ ಎಲ್ಲೆಲ್ಲಿ ಎಚ್ಚರ

ಮಂಗಳೂರು, ಉಡುಪಿಯ ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ನೀರಿನ ಜೊತೆ ಉಪ್ಪೂ ಹೋಗುತ್ತದೆ, ಚರ್ಮದ ರಕ್ತನಾಳ ಅಗಲವಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಹೊಂದಿದ್ದ ಮಾತ್ರೆಯ ಪ್ರಮಾಣ ಈ ಎರಡು ತಿಂಗಳಿಗೆ ಹೆಚ್ಚಾಗಬಹುದು.

ಹಂಡೆಯ ಬಿಸಿನೀರು ಇನ್ನೊಂದು. ಎಣ್ಣೆ ಹಚ್ಚಿ ಬಿಸಿಬಿಸಿ ನೀರು ಹೊಯ್ದುಕೊಂಡು ತಟ್ಟನೆ ಎದ್ದರೆ ಬಚ್ಚಲಲ್ಲೇ ಬೀಳುತ್ತಾರೆ. ಉಗುರುಬೆಚ್ಚಗಿನ ನೀರು ಸಾಕು, ಸ್ಟೂಲ್ ಮೇಲೆ ಕೂತು ಸ್ನಾನ, ಮೈ ಒರೆಸುವುದೂ ಕೂತೇ, ಕೊನೆಗೆ ಕಾಲಿಗೆ ತಣ್ಣೀರು. ಚಿಲಕ ಹಾಕಬೇಡಿ. ನೆಲಮಟ್ಟದ ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತು ತಿಣುಕಿ ಏಳುವುದು ಬಿಪಿಯನ್ನು ಅತಿ ವೇಗವಾಗಿ ಇಳಿಸುವ ಕ್ರಮ. ಗೋಡೆಗೆ ಹಿಡಿಕೆ ಹಾಕಿಸಿ, ಸಾಧ್ಯವಾದರೆ ಕಮೋಡ್ ಕುರ್ಚಿ ಇಡಿ. ರಾತ್ರಿ ಮೂತ್ರಕ್ಕೆ ಗಂಡಸರೂ ಕೂತೇ ಹೋಗುವುದು ಒಳ್ಳೆಯದು.

ಪಂಕ್ತಿ ಊಟ ನೋಡಿ. ಅರ್ಧ ಗಂಟೆ ಚಕ್ಕಳಮಕ್ಕಳ, ಅನ್ನ, ಸಾರು, ಮತ್ತೆ ಅನ್ನ, ಪಾಯಸ, ಹೋಳಿಗೆ, ಆಮೇಲೆ ಸಾಲಿಗೆ ಸಾಲೇ ಒಮ್ಮೆಲೇ ಏಳುತ್ತದೆ. ಪಿಷ್ಟದ ದೊಡ್ಡ ಊಟವಾದ ಎರಡು ಗಂಟೆಯೊಳಗೆ ರಕ್ತ ಕರುಳಿನ ಕಡೆ ಹೋಗಿ ಬಿಪಿ 20ರಷ್ಟು ಇಳಿಯುವುದು ವಯಸ್ಸಾದವರಲ್ಲಿ ಸಾಮಾನ್ಯ. ಅದರ ಮೇಲೆ ನೆಲದಿಂದ ಏಳುವುದು, ಹೊರಗೆ ಬಿಸಿಲು. ಮೇಜಿನ ಪಂಕ್ತಿ ಇದ್ದರೆ ಅಲ್ಲಿ ಕೂರಿ. ಊಟಕ್ಕೆ ಮುಂಚೆ ಒಂದು ದೊಡ್ಡ ಲೋಟ ನೀರು, ಎರಡನೇ ಸಲದ ಅನ್ನ ಬೇಡ. ಸಾಲು ಎದ್ದರೂ ನೀವು ಕಾಲು ಮುಂದೆ ಚಾಚಿ ಪಾದ ಹತ್ತಾರು ಬಾರಿ ಆಡಿಸಿ, ಮೊಣಕಾಲೂರಿ, ಆಮೇಲೆ ಎದ್ದು ನಿಲ್ಲಿ. ಸಾಷ್ಟಾಂಗ ನಮಸ್ಕಾರ, ಸಜ್ದಾ, ಇಗರ್ಜಿಯಲ್ಲಿ ಮೊಣಕಾಲೂರುವುದು, ಯೋಗದ ಶವಾಸನ ಎಲ್ಲಕ್ಕೂ ಇದೇ ಕ್ರಮ. ನಿರ್ಜಲ ಏಕಾದಶಿ ಅಥವಾ ರೋಜಾ ಹಿಡಿಯುವವರು ಮೂತ್ರದ ಮಾತ್ರೆ, ಡಪಾಗ್ಲಿಫ್ಲೋಜಿನ್ ಇದ್ದರೆ ಮುಂಚಿತವಾಗಿ ವೈದ್ಯರನ್ನು ಕೇಳಿ.

ಸುತ್ತು ಹಿಡಿತಕ್ಕೆ ಬರುವ ತನಕ ಸ್ಕೂಟರ್, ಏಣಿ, ಅಡಿಕೆ ಮರ, ದೋಣಿ ಬೇಡ.

ಏಳುವ ಕ್ರಮ, ನೀರು, ಉಪ್ಪು, ಪಟ್ಟಿ

ಬೆಳಿಗ್ಗೆ ಎದ್ದು ಕೂತ ಕೂಡಲೇ ಅರ್ಧ ಲೀಟರ್ ನೀರನ್ನು ಐದು ನಿಮಿಷದೊಳಗೆ ಕುಡಿಯಿರಿ. ನರ ಸೋತವರಲ್ಲಿ ಇದು 5–10 ನಿಮಿಷದಲ್ಲಿ ಬಿಪಿ ಏರಿಸಲು ಶುರು ಮಾಡಿ, ಅರ್ಧ ಗಂಟೆಯ ಹೊತ್ತಿಗೆ ಗರಿಷ್ಠವಾಗುತ್ತದೆ. ಗುಟುಕು ಗುಟುಕಾಗಿ ದಿನವಿಡೀ ಕುಡಿದರೆ ಈ ಪರಿಣಾಮ ಇಲ್ಲ. ಆಮೇಲೆ ಪಾದ 20 ಬಾರಿ ಮೇಲೆ ಕೆಳಗೆ ಆಡಿಸಿ, ನಿಂತು ಮಂಚ ಹಿಡಿದು ಒಂದು ನಿಮಿಷ ಅಲ್ಲೇ ಇರಿ. ಕಣ್ಣು ಮಂಜಾದರೆ ಕಾಲು ಕತ್ತರಿಯಂತೆ ಅಡ್ಡ ಹಾಕಿ ತೊಡೆ, ಪೃಷ್ಠ, ಹೊಟ್ಟೆಯನ್ನು 30 ಸೆಕೆಂಡ್ ಬಿಗಿ ಹಿಡಿಯಿರಿ, ಉಸಿರು ಕಟ್ಟಬೇಡಿ. ಹೋಗದಿದ್ದರೆ ಇದ್ದಲ್ಲೇ ಕೂರಿ. ಹೃದಯ ವೈಫಲ್ಯ, ಕಿಡ್ನಿ ಕಾಯಿಲೆಯಿಂದ ನೀರಿಗೆ ಮಿತಿ ಇರುವವರಿಗೆ ಅರ್ಧ ಲೀಟರಿನ ಈ ಲೆಕ್ಕ ಅನ್ವಯಿಸದು.

ಉಪ್ಪು ಹೆಚ್ಚಿಸುವುದು ಬಿಪಿ ಕಾಯಿಲೆ ಇಲ್ಲದವರಿಗೆ, ಅದೂ ವೈದ್ಯರು ಹೇಳಿದರೆ. ಒಂದು ಸಮ ಚಮಚ ಎಂದರೆ 5–6 ಗ್ರಾಂ. ಒಣಮೀನು, ಉಪ್ಪಿನಕಾಯಿ ದಿನಾ ತಿನ್ನುವವರ ಲೆಕ್ಕದಲ್ಲಿ ಅದಾಗಲೇ ಬಹಳಷ್ಟು ಸೇರಿರುತ್ತದೆ. ಬೆವರಿ ಬಳಲಿದ ದಿನ ಉಪ್ಪು ಹಾಕಿದ ಗಂಜಿ ತಿಳಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೊಂಡದಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ, ಹಾಗಾಗಿ ಅದು ಉಪ್ಪಿನ ಜಾಗ ತುಂಬದು; ಕಿಡ್ನಿ ಕಾಯಿಲೆ ಇರುವವರಿಗೆ, ಪೊಟ್ಯಾಶಿಯಂ ಉಳಿಸಿಕೊಳ್ಳುವ ಮೂತ್ರದ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರಿಗೆ ಅಪಾಯವೂ ಹೌದು. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ, ಒಂದು ಲೋಟಕ್ಕಲ್ಲ.

ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಕಾಲುಚೀಲ ಮೊಣಕಾಲಿನ ತನಕ ಮಾತ್ರ ಇದ್ದರೆ ಹೆಚ್ಚು ಉಪಯೋಗವಿಲ್ಲ, ಸೊಂಟದವರೆಗಿನದ್ದನ್ನು ನಮ್ಮ ಸೆಕೆಯಲ್ಲಿ ಯಾರೂ ತೊಡುವುದಿಲ್ಲ. ಹೊಟ್ಟೆಗೆ ಕಟ್ಟುವ ಅಗಲ ಇಲಾಸ್ಟಿಕ್ ಪಟ್ಟಿಯೇ ಮೇಲು, ರಕ್ತ ನಿಲ್ಲುವ ದೊಡ್ಡ ಜಾಗ ಹೊಟ್ಟೆಯೇ. ಏಳುವ ಮುಂಚೆ ಮಲಗಿಯೇ ಕಟ್ಟಿ, ಮಲಗುವಾಗ ಬಿಚ್ಚಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15 ಸೆಂ.ಮೀ. ಎತ್ತರದ, ಗುಳಿ ತೋಡಿದ ಮರದ ತುಂಡು ಇಟ್ಟರೆ ರಾತ್ರಿ ಮೂತ್ರದಲ್ಲಿ ಉಪ್ಪು ಹೋಗುವುದು ಕಡಿಮೆಯಾಗಿ ಬೆಳಗಿನ ಕುಸಿತ ತಗ್ಗುತ್ತದೆ. ದಿಂಬು ಪೇರಿಸಿದರೆ ಕುತ್ತಿಗೆ ಮಡಚುತ್ತದೆ ಅಷ್ಟೆ.

ವೈದ್ಯರ ಬಳಿ

ಮೊದಲು ಮೆಡಿಸಿನ್ ವಿಭಾಗಕ್ಕೆ ಹೋಗಿ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಿಂದಲೂ ಶುರು ಮಾಡಬಹುದು. ಮೂರು ದಿನದ ಹಾಳೆ, ಎಲ್ಲ ಮಾತ್ರೆಗಳ ಪಟ್ಟಿ ಕೊಂಡೊಯ್ಯಿರಿ. ಹಿಮೋಗ್ಲೋಬಿನ್, ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್, ಇಸಿಜಿ ಸಾಮಾನ್ಯವಾಗಿ ಮಾಡಿಸುತ್ತಾರೆ. ಸಸ್ಯಾಹಾರಿಗಳಾಗಿದ್ದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು ಬಿ12 ನೋಡಲು ಕೇಳಿ. ಅದರ ಕೊರತೆ ಈ ನರಗಳನ್ನೂ ಕೆಡಿಸುತ್ತದೆ, ಇಂಜೆಕ್ಷನ್‌ನಿಂದ ಸುಧಾರಿಸುವ ಕಾರಣಗಳಲ್ಲಿ ಇದೊಂದು. ಮೈ ಕಪ್ಪಾಗುತ್ತಾ, ತೂಕ ಇಳಿಯುತ್ತಾ, ಉಪ್ಪಿಗೆ ಬಾಯಿ ಚಪಲ ಹೆಚ್ಚಾಗಿದ್ದರೆ ಬೆಳಗಿನ ಕಾರ್ಟಿಸಾಲ್ ಹಾರ್ಮೋನಿನ ರಕ್ತಪರೀಕ್ಷೆ ಬೇಕು.

ಬದಲಾವಣೆ ಮಾಡಿದ ಎರಡು ವಾರಕ್ಕೆ ಮತ್ತೆ ಅದೇ ಕ್ರಮದಲ್ಲಿ ಅಳೆಯಿರಿ. ಅಂಕಿ ಇನ್ನೂ 20 ಇಳಿಯುತ್ತಿದ್ದರೂ ಸುತ್ತಿಲ್ಲದೆ ಓಡಾಡಲು ಆಗುತ್ತಿದ್ದರೆ ಚಿಕಿತ್ಸೆ ಸರಿ ದಾರಿಯಲ್ಲಿದೆ. ಇಷ್ಟರಲ್ಲೂ ನಿಲ್ಲದಿದ್ದರೆ ಔಷಧಿ ಬರುತ್ತದೆ. ಫ್ಲುಡ್ರೋಕಾರ್ಟಿಸೋನ್ ದೇಹದಲ್ಲಿ ಉಪ್ಪು-ನೀರು ಹಿಡಿದಿಡುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ, ಕಾಲು ಊದಿಸಬಹುದು. ಮಿಡೋಡ್ರಿನ್ ರಕ್ತನಾಳ ಬಿಗಿಗೊಳಿಸುತ್ತದೆ. ನೆತ್ತಿಯಲ್ಲಿ ಜುಮ್ಮೆನ್ನುವುದು ಅದರ ಸಾಮಾನ್ಯ ಅಡ್ಡಪರಿಣಾಮ, ಹೆದರಬೇಕಿಲ್ಲ, ಮೂತ್ರ ಕಟ್ಟಿದರೆ ಮಾತ್ರ ಕೂಡಲೇ ತಿಳಿಸಿ. ಇದರ ಕೊನೆಯ ಗುಳಿಗೆ ಮಲಗುವುದಕ್ಕೆ ಕನಿಷ್ಠ 4 ಗಂಟೆ ಮುಂಚೆ ಆಗಬೇಕು, ತಡವಾದರೆ ಮಲಗಿದಾಗ ಬಿಪಿ ಅಪಾಯದ ಮಟ್ಟಕ್ಕೆ ಏರಬಹುದು. ಮಧ್ಯಾಹ್ನ ಊಟವಾಗಿ ಉದ್ದಕ್ಕೆ ಮಲಗುವ ಅಭ್ಯಾಸ ಇರುವವರು ಅದನ್ನೂ ವೈದ್ಯರಿಗೆ ಹೇಳಿ, ಮಧ್ಯಾಹ್ನದ ಗುಳಿಗೆಯ ಹೊತ್ತು ಅದರ ಮೇಲೆ ನಿರ್ಧಾರವಾಗುತ್ತದೆ.